ಊರಿನ ಬೊಕ್ಕಸ ಬರಿದಾದಾಗ: ಕ್ಯಾಮ್ಡೆನ್‌ಗೆ ಬರುತ್ತಿರುವ ತಂಗಿಗೆ

ದಾವಣಗೆರೆಯಿಂದ ಹೊರಟು ನಿಂತಿದ್ದೀರಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ತುಂಬಾ ಸಂತೋಷ. ನೀವು ಕೇಳಿದ್ದು ಇಷ್ಟು: "ಅಕ್ಕಾ, ಆ ಊರಲ್ಲಿ ಒಂದೇ ದಿನ ಅರ್ಧಕ್ಕರ್ಧ ಪೊಲೀಸರನ್ನು ಕೆಲಸದಿಂದ ತೆಗೆದಿದ್ದರಂತೆ. ಅಮೆರಿಕದಲ್ಲಿ ಹೀಗೂ ಆಗುತ್ತಾ? ಮಗುವನ್ನು ಕಟ್ಟಿಕೊಂಡು ಅಂಥ ಕಡೆ ಬರಬಹುದಾ?"

ನೀವು ಓದಿದ್ದು ನಿಜ. 2011ರ ಜನವರಿ 18ರಂದು ಕ್ಯಾಮ್ಡೆನ್ ನಗರ 160ಕ್ಕೂ ಹೆಚ್ಚು ಪೊಲೀಸರನ್ನು, 60ಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಪೊಲೀಸರಲ್ಲಿ ಹತ್ತಿರ ಹತ್ತಿರ ಅರ್ಧ, ಫೈರ್‌ನವರಲ್ಲಿ ಮೂರರಲ್ಲೊಂದು ಪಾಲು. ಖರ್ಚಿಗೂ ಆದಾಯಕ್ಕೂ ನಡುವೆ 2.6 ಕೋಟಿ ಡಾಲರಿಗೂ ಮೀರಿದ ಅಂತರ ಇತ್ತು. ಆ ದಿನ ಫೈರ್‌ನವರು ಮೆರವಣಿಗೆಯಲ್ಲಿ ಸಿಟಿ ಹಾಲ್‌ವರೆಗೆ ನಡೆದು ಹೋಗಿ, ತಮ್ಮ ಹೆಲ್ಮೆಟ್‌ಗಳನ್ನು ಕಟ್ಟಡದ ಮುಂದೆ ಸಾಲಾಗಿ ಇಟ್ಟರು. ಆಮೇಲೆ ಎತ್ತಿಕೊಂಡು ಹೋಗಿ ಇಲಾಖೆಗೆ ವಾಪಸ್ ಕೊಟ್ಟರು.

ನಮ್ಮ ಕಡೆಯಿಂದ ಬಂದವರಿಗೆ ಇದು ತಲೆಗೆ ಹೋಗುವುದೇ ಇಲ್ಲ. ಕರ್ನಾಟಕದಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು, ಅಗ್ನಿಶಾಮಕ ದಳವೂ ರಾಜ್ಯದ್ದೇ. ದಾವಣಗೆರೆ ಪಾಲಿಕೆಯ ಹತ್ತಿರ ದುಡ್ಡಿಲ್ಲ ಅಂದರೆ ರಸ್ತೆ ಗುಂಡಿ ಬೀಳುತ್ತೆ, ಕಸ ಎತ್ತುವುದಿಲ್ಲ. ಠಾಣೆಯ ಪೇದೆಗೆ ಮಾತ್ರ ಸಂಬಳ ಬಂದೇ ಬರುತ್ತೆ. ಇಲ್ಲಿ ಹಾಗಲ್ಲ. ಆಯಾ ಊರಿನ ಪೊಲೀಸರಿಗೆ ಆಯಾ ಊರೇ ಸಂಬಳ ಕೊಡಬೇಕು. ನ್ಯೂಜೆರ್ಸಿಯಲ್ಲಿ ಐನೂರಕ್ಕೂ ಹೆಚ್ಚು ಊರುಗಳಿವೆ, ಬಹುಪಾಲು ಊರುಗಳಿಗೆ ತಮ್ಮದೇ ಪೊಲೀಸರು. ಆ ದುಡ್ಡು ಮುಖ್ಯವಾಗಿ ಬರುವುದು ಮನೆ, ಅಂಗಡಿ, ಕಾರ್ಖಾನೆಗಳ ಮೇಲಿನ ಪ್ರಾಪರ್ಟಿ ಟ್ಯಾಕ್ಸ್‌ನಿಂದ. ಊರು ಬಡವಾದರೆ ಠಾಣೆಯೂ ಬಡವಾಗುತ್ತೆ.

ಕ್ಯಾಮ್ಡೆನ್ ಮೊದಲಿಂದ ಬಡ ಊರೇನಲ್ಲ. ಡೆಲವೇರ್ ನದಿಯ ಈ ದಡದಲ್ಲಿ ನ್ಯೂಯಾರ್ಕ್ ಶಿಪ್‌ಬಿಲ್ಡಿಂಗ್ ಕಂಪನಿ ಯುದ್ಧನೌಕೆ ಕಟ್ಟುತ್ತಿತ್ತು, ಆರ್‌ಸಿಎ ವಿಕ್ಟರ್ ರೇಡಿಯೊ, ಗ್ರಾಮೊಫೋನ್ ರೆಕಾರ್ಡ್ ಮಾಡುತ್ತಿತ್ತು, ಕ್ಯಾಂಪ್‌ಬೆಲ್ ಸೂಪ್ ಇಲ್ಲೇ ಡಬ್ಬಿಗೆ ತುಂಬುತ್ತಿತ್ತು. 1950ರಲ್ಲಿ ಜನಸಂಖ್ಯೆ ಒಂದು ಲಕ್ಷ 24 ಸಾವಿರ. ಹಡಗು ಕಾರ್ಖಾನೆ 1967ರಲ್ಲಿ ಮುಚ್ಚಿತು. ಕ್ಯಾಂಪ್‌ಬೆಲ್‌ನ ಕಚೇರಿ ಉಳಿಯಿತು, ಕಾರ್ಖಾನೆ 1990ರಲ್ಲಿ ನಿಂತಿತು. ಕೈಲಾದವರು ಪಕ್ಕದ ಊರುಗಳಿಗೆ ಹೋದರು. 2010ರ ಹೊತ್ತಿಗೆ ಉಳಿದವರು 77 ಸಾವಿರ. ಅವರಲ್ಲಿ ಹೆಚ್ಚಿನವರು ಬಡ ಕರಿಯರು ಮತ್ತು ಪೋರ್ಟೊರಿಕೊ ಕಡೆಯಿಂದ ಬಂದ ಕುಟುಂಬಗಳು. ಇನ್ನು ದೊಡ್ಡ ಕಟ್ಟಡ ಅಂದರೆ ಆಸ್ಪತ್ರೆ, ಯೂನಿವರ್ಸಿಟಿ, ಸರ್ಕಾರಿ ಕಚೇರಿ. ಅವು ಟ್ಯಾಕ್ಸ್ ಕಟ್ಟಬೇಕಾಗಿಲ್ಲ. ಹಾಗಾಗಿ ಬಜೆಟ್‌ನ ಬಹುಪಾಲು ರಾಜ್ಯ ಕೊಡುವ ನೆರವಿನಿಂದಲೇ ನಡೆಯುತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ರಾಜ್ಯವೂ ಕೈ ಬಿಗಿ ಮಾಡಿತು. ಸಂಬಳ ಕಡಿತಕ್ಕೆ ಒಪ್ಪಿ ಅಂತ ನಗರದವರು, ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ ಅಂತ ಯೂನಿಯನ್‌ಗಳು. ಮಾತು ಮುರಿದುಬಿತ್ತು.

ಮನೆಗೆ ಹೋದವರು ಯಾರು ಅಂತ ನೋಡಿ. ಇಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವುದು ನಿಯಮ. ಅಂದರೆ ಹುಡುಗರು, ಬೀದಿಯಲ್ಲಿ ಗಸ್ತು ತಿರುಗುತ್ತಿದ್ದವರು. ಉಳಿದ ಮೇಲಿನವರಲ್ಲಿ ಕೆಲವರಿಗೆ ಹಿಂಬಡ್ತಿ ಕೊಟ್ಟು ಬೀದಿಗೆ ಇಳಿಸಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳ ಗಂಡ ಆ ಫೈರ್‌ನವರಲ್ಲಿ ಒಬ್ಬ. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಫೋನ್ ಹಿಡಿದು ಕೂತಿರುತ್ತಿದ್ದಳು. ಇಲ್ಲಿ ಕೆಲಸದ ಜೊತೆಗೇ ಆರೋಗ್ಯ ವಿಮೆಯೂ ಹೋಗುತ್ತೆ. ಕೋಬ್ರಾ ಅನ್ನೋ ವ್ಯವಸ್ಥೆಯಲ್ಲಿ ಪೂರ್ತಿ ಪ್ರೀಮಿಯಂ ನಾವೇ ಕಟ್ಟಿ ಸ್ವಲ್ಪ ಕಾಲ ಮುಂದುವರಿಸಬಹುದು. ಇವಳು ಒಂದು ಹಳದಿ ಚೀಟಿಯಲ್ಲಿ ಮನೆ ಕಂತು, ಕಾರಿನ ಕಂತು, ಕೋಬ್ರಾ ಅಂತ ಬರೆದು ಕೂಡಿಸುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಕೂಡಿಸುತ್ತಿದ್ದಳು. ಉರಿಯುವ ಮನೆಯೊಳಗೆ ನುಗ್ಗುವವನ ಹೆಂಡತಿ ಮಗುವಿನ ಆಸ್ತಮಾ ಇನ್ಹೇಲರ್‌ಗೆ ಚಿಂತೆ ಮಾಡುವುದು ಯಾವ ನ್ಯಾಯ? ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ಊರಿಗೇನಾಯಿತು ಅಂದರೆ, ಸಣ್ಣಪುಟ್ಟ ಕಳ್ಳತನ, ಗಾಯವಿಲ್ಲದ ಕಾರು ಡಿಕ್ಕಿಗೆಲ್ಲ ಪೊಲೀಸರು ಬರುವುದು ನಿಂತಿತು. ಆ ಜೂನ್‌ನಲ್ಲಿ ಟೈರ್ ಗೋದಾಮಿಗೆ ದೊಡ್ಡ ಬೆಂಕಿ ಬಿತ್ತು, ಸುತ್ತಲಿನ ಎಷ್ಟೋ ಊರುಗಳ ಬಂಡಿಗಳು ಬಂದು ನಂದಿಸಬೇಕಾಯಿತು. ತೆಗೆದವರಲ್ಲಿ ಕೆಲವರನ್ನು ಕೆಲವೇ ತಿಂಗಳಲ್ಲಿ ವಾಪಸ್ ಕರೆದರು, ಆದರೆ ಅದು ಸಾಲಲಿಲ್ಲ. 2012ರಲ್ಲಿ ಆ ಪುಟ್ಟ ಊರಲ್ಲಿ 67 ಕೊಲೆ. ಪೊಲೀಸರು ಕಡಿಮೆಯಾಗಿದ್ದರಿಂದಲೇ ಇಷ್ಟಾಯಿತು ಅಂತ ನಾನು ಹೇಳಲಾರೆ, ಅಪರಾಧ ಮೊದಲೂ ವಿಪರೀತ ಇತ್ತು. ಆದರೆ ಕರೆ ಮಾಡಿದರೆ ಯಾರೂ ಬರುವುದಿಲ್ಲ ಅಂತ ಜನ ನಂಬಿಬಿಟ್ಟರೆ ಆ ನಂಬಿಕೆಯೇ ಊರನ್ನು ಕೆಡಿಸುತ್ತೆ.

ಆಮೇಲೆ ನಡೆದದ್ದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. 2013ರ ಮೇ 1ಕ್ಕೆ ನಗರದ ಪೊಲೀಸ್ ಇಲಾಖೆಯನ್ನೇ ಮುಚ್ಚಿದರು. ನಮ್ಮ ಕಡೆ ಜಿಲ್ಲೆ ಅಂತೀವಲ್ಲ, ಇಲ್ಲಿನ ಕೌಂಟಿ ಸುಮಾರು ಹಾಗೆಯೇ. ಆ ಕೌಂಟಿಯ ಕೆಳಗೆ ಹೊಸ ಪಡೆ ಕಟ್ಟಿದರು. ಹಳಬರು ಮತ್ತೆ ಅರ್ಜಿ ಹಾಕಬೇಕಾಯಿತು. ಖರ್ಚು ಇಳಿದಿದ್ದರಿಂದ ಬೀದಿಯಲ್ಲಿ ಜಾಸ್ತಿ ಜನರನ್ನು ನಿಲ್ಲಿಸಲು ಆಯಿತು. ಯೂನಿಯನ್ ಮುರಿಯಲಿಕ್ಕೇ ಇದನ್ನು ಮಾಡಿದರು ಅಂತ ದೂರಿದವರೂ ಇದ್ದರು, ಆ ದೂರಿನಲ್ಲಿ ಹುರುಳಿದೆ ಅಂತಲೇ ನನಗನ್ನಿಸುತ್ತೆ. ಹೊಸ ಪಡೆಯ ಮುಖ್ಯಸ್ಥ ಸ್ಕಾಟ್ ಥಾಮ್ಸನ್ ಪೊಲೀಸರನ್ನು ಕಾರಿನಿಂದ ಇಳಿಸಿ ನಡೆಸಿದರು, ಮನೆಮನೆಗೆ ಕಳಿಸಿ ಮಾತಾಡಿಸಿದರು. ಐದಾರು ವರ್ಷದಲ್ಲಿ ಕೊಲೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು.

ಹಾಗಾಗಿ ಕೆಲಸಕ್ಕೆ ಬನ್ನಿ, ಹೆದರಬೇಡಿ. ನದಿಯ ಕಡೆ, ಆಸ್ಪತ್ರೆ ಸುತ್ತಮುತ್ತ ಹಗಲು ಹೊತ್ತು ನೂರಾರು ಜನ ಓಡಾಡುತ್ತಾರೆ. ರಾತ್ರಿ ಪಾಳಿ ಇದ್ದರೆ ಒಬ್ಬರೇ ನಡೆದು ಸ್ಟೇಷನ್‌ಗೆ ಹೋಗಬೇಡಿ, ಆಸ್ಪತ್ರೆಯ ಸೆಕ್ಯುರಿಟಿಯವರನ್ನು ಜೊತೆಗೆ ಕಳಿಸಿ ಅಂತ ಕೇಳಿ, ಸಂಕೋಚ ಬೇಡ. ಆದರೆ "ಅಯ್ಯೋ ಕ್ಯಾಮ್ಡೆನ್ನಾ!" ಅಂತ ಮೂಗು ಮುರಿಯುವ ನಮ್ಮವರ ಮಾತಿಗೆ ಕಿವಿಗೊಡಬೇಡಿ. ನಾವು ಹತ್ತಿರದ ಚೆರ್ರಿ ಹಿಲ್ ಊರಲ್ಲಿ ಅರಾಮಾಗಿರುವುದು ಗಟ್ಟಿ ಟ್ಯಾಕ್ಸ್ ಇರುವ ಊರಲ್ಲಿ ಮನೆ ಕೊಳ್ಳುವಷ್ಟು ಸಂಬಳ ಇದ್ದುದರಿಂದ. ಕ್ಯಾಮ್ಡೆನ್‌ನ ಬಡ ಅಜ್ಜಿಯರಿಗೆ ಆ ಅನುಕೂಲ ಇರಲಿಲ್ಲ, ಅಷ್ಟೇ. ನಾಳೆ ನಿಮ್ಮ ವಾರ್ಡಿನಲ್ಲಿ ಮಲಗುವವರು ಅವರೇ.

ಇನ್ನು ಬಾಡಿಗೆ ಮನೆಯ ವಿಷಯ. ಪ್ಯಾಟ್ಕೊ ಅನ್ನೋ ಲೋಕಲ್ ರೈಲಿನ ದಾರಿಯಲ್ಲಿ ಕಾಲಿಂಗ್ಸ್‌ವುಡ್, ಹ್ಯಾಡನ್‌ಫೀಲ್ಡ್ ಊರುಗಳು ಸಿಗುತ್ತವೆ, ಅಲ್ಲಿಂದ ಕ್ಯಾಮ್ಡೆನ್‌ನ ಬ್ರಾಡ್‌ವೇ ಸ್ಟೇಷನ್‌ಗೆ ಬೇಗ ತಲುಪಬಹುದು. ಕಾರು ಕೊಳ್ಳುವವರೆಗೆ ಅದೇ ಸರಿ. ಬಾಡಿಗೆಗೆ ಸೇರುವ ಮೊದಲು ಹೊಗೆ ಪತ್ತೆ ಮಾಡುವ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇವೆ ಅಂತ ಊರಿನವರು ಕೊಟ್ಟ ಸರ್ಟಿಫಿಕೇಟ್ ತೋರಿಸಿ ಅಂತ ಮನೆ ಮಾಲೀಕರನ್ನು ಕೇಳಿ. ಬಾಡಿಗೆದಾರರ ವಿಮೆ ಮಾಡಿಸಿ. ಫೈರ್‌ನವರು ಸಂಬಳದವರಾ, ವಾಲಂಟಿಯರ್‌ಗಳಾ ಅಂತಲೂ ವಿಚಾರಿಸಿ. ಈ ಭಾಗದ ಎಷ್ಟೋ ಊರುಗಳಲ್ಲಿ ಸೈರನ್ ಕೇಳಿ ಊಟ ಬಿಟ್ಟು ಓಡುವವರು ಪಕ್ಕದ ಮನೆಯವರೇ ಆಗಿರುತ್ತಾರೆ.

ಮುಂದೆ ಸ್ವಂತ ಮನೆ ನೋಡುವಾಗ ಅಡುಗೆಮನೆಯ ಗ್ರಾನೈಟ್ ನೋಡುವ ಮುಂಚೆ ಟ್ಯಾಕ್ಸ್ ಬಿಲ್ ಕೇಳಿ. ವರ್ಷಕ್ಕೆ ನಾಲ್ಕು ಕಂತು: ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್. ಅದರಲ್ಲಿ ಕೌಂಟಿಗೆ ಎಷ್ಟು, ಶಾಲೆಗೆ ಎಷ್ಟು, ಊರಿಗೆ ಎಷ್ಟು ಅಂತ ಬೇರೆಬೇರೆ ಸಾಲು ಇರುತ್ತೆ. ಚೆರ್ರಿ ಹಿಲ್ ಥರ ಫೈರ್ ಡಿಸ್ಟ್ರಿಕ್ಟ್, ಅಂದರೆ ಅಗ್ನಿಶಾಮಕಕ್ಕೇ ಬೇರೆ ಟ್ಯಾಕ್ಸ್ ಎತ್ತುವ ಸಂಸ್ಥೆ, ಇರುವ ಕಡೆ ಅದಕ್ಕೂ ಒಂದು ಸಾಲು. ಊರಿನ ಬಜೆಟ್ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಪ್ರಶ್ನೆ ಕೇಳಬಹುದು. ನಮ್ಮವರು ಅಲ್ಲಿ ಕಾಣುವುದು ಬಹಳ ಕಡಿಮೆ. ನಾನು ಹೋಗುತ್ತೇನೆ. ನೀವು ಬಂದು ಸ್ವಲ್ಪ ನೆಲೆ ನಿಂತ ಮೇಲೆ ಹೇಳಿ, ಒಟ್ಟಿಗೇ ಹೋಗೋಣ. ಟಿಕೆಟ್ ಆದ ಕೂಡಲೇ ತಾರೀಖು ತಿಳಿಸಿ. ಫಿಲಡೆಲ್ಫಿಯಾ ಏರ್‌ಪೋರ್ಟ್‌ಗೆ ನಮ್ಮವರು ಕಾರು ತರುತ್ತಾರೆ, ಮಗುವಿನ ಸೀಟು ನಮ್ಮಲ್ಲೇ ಇದೆ, ಅದನ್ನು ಕೊಳ್ಳಬೇಡಿ.