ಐವಿ ಲೀಗ್ ಅರ್ಜಿಯಲ್ಲಿ ಮಗಳು ‘ಏಷ್ಯನ್’ ಅಂತ ಬರೆಯಬೇಕಾ? ಸ್ಕಾಲರ್‌ಶಿಪ್ ಎಲ್ಲ ಬೇರೆ ಜನಾಂಗದವರಿಗೇ ಹೋಗುತ್ತಾ?

ನಿಮ್ಮ ಮಗಳ ಜಾಗದಲ್ಲಿ ನನ್ನ ಮಗನನ್ನು ಇಟ್ಟರೆ, 2021ರಲ್ಲಿ ನಾನು ಸಿಕ್ಕ ಸಿಕ್ಕವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆ ಇದೇ. ಒಳ್ಳೆ ಮಾರ್ಕ್ಸ್, ಕೈಯಲ್ಲಿ ಗ್ರೀನ್ ಕಾರ್ಡ್, ಮನೆಯಲ್ಲಿ ಒಬ್ಬರದೇ ಸಂಬಳ, ಜೊತೆಗೆ ‘ನಮ್ಮ ಮಕ್ಕಳಿಗೆ ಇಲ್ಲಿ ಯಾರೂ ಏನೂ ಕೊಡಲ್ಲ’ ಅನ್ನೋ ಭಯ. ಐವಿ ಲೀಗಿನ, ಅಂದರೆ ಹಾರ್ವರ್ಡ್, ಯೇಲ್‌ನಂಥ 8 ಹೆಸರಾಂತ ಖಾಸಗಿ ಕಾಲೇಜುಗಳ ಅರ್ಜಿಯಲ್ಲಿ ಜನಾಂಗದ ಕಾಲಂ ಖಾಲಿ ಬಿಡೋದಾ ಅಂತ ಕೇಳಿದ್ದೀರಿ. ಏಷ್ಯನ್ನರಿಗೆ ಸಿಗದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋದು ದಂಡ ಅಲ್ವಾ ಅಂತಲೂ ಕೇಳಿದ್ದೀರಿ. ಕಾಲಂ ವಿಷಯ ಸಣ್ಣದು. ಎರಡನೆಯದು ಶಿವಮೊಗ್ಗದಲ್ಲಿದ್ದ ನಮ್ಮ ಸೈಟನ್ನು ತಿಂದು ಹಾಕಿತು. ಅದನ್ನೇ ಮೊದಲು ಹೇಳ್ತೀನಿ.

ನಾವಿರೋದು ಮೇರಿಲ್ಯಾಂಡ್‌ನ ಜರ್ಮನ್‌ಟೌನ್‌ನಲ್ಲಿ. ಯಜಮಾನರದು ಐಟಿ ಕೆಲಸ. ನಾನು ಆಗ ಮನೆಯಲ್ಲೇ ಇದ್ದೆ. ಆ ವರ್ಷ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಪರಿಚಯದ ಒಬ್ಬರು ಹೇಳಿದರು: ‘ಏಡ್ (ಹಣಕಾಸಿನ ನೆರವು) ಎಲ್ಲ ಬ್ಲ್ಯಾಕ್ಸ್‌ಗೆ, ಹಿಸ್ಪಾನಿಕ್‌ನವರಿಗೆ ಕಣ್ರೀ. ನಮ್ಮವರು ದುಡ್ಡು ಕೇಳಿದ್ರೆ ಅಡ್ಮಿಷನ್ನೇ ಕೊಡಲ್ಲ. ಸುಮ್ನೆ ನೋ ಅಂತ ಹಾಕಿ.’ ಅವರ ಮಗ ದೊಡ್ಡ ಹೆಸರಿನ ಕಾಲೇಜಿನಲ್ಲಿದ್ದ. ಹಾಗಾಗಿ ಅವರ ಮಾತು ನಮಗೆ ವೇದವಾಯಿತು.

ಕಾಮನ್ ಆ್ಯಪ್ ಅಂದರೆ ಹಲವು ಕಾಲೇಜುಗಳಿಗೆ ಅರ್ಜಿ ಹಾಕುವ ಒಂದೇ ಆನ್‌ಲೈನ್ ಫಾರಂ. ಅದರಲ್ಲಿ ಕಾಲೇಜುಗಳು ಒಂದು ಪ್ರಶ್ನೆ ಕೇಳುತ್ತವೆ. ಅಗತ್ಯ ಆಧಾರಿತ ಹಣಕಾಸಿನ ನೆರವಿಗೆ ಅರ್ಜಿ ಹಾಕುತ್ತೀರಾ, ಹೌದು ಅಥವಾ ಇಲ್ಲ. ನಾವು ಎಲ್ಲ ಕಡೆ ‘ಇಲ್ಲ’ ಅಂತ ಗುರುತು ಹಾಕಿದೆವು. ಸರ್ಕಾರಿ ನೆರವಿನ ಫಾರಂ ಆದ ಫಾಫ್ಸಾ ತುಂಬಲಿಲ್ಲ. ಕಾಲೇಜುಗಳು ತಮ್ಮ ಸ್ವಂತ ನೆರವಿಗಾಗಿ ಕೇಳುವ ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಫಾರಂ ತೆರೆದೂ ನೋಡಲಿಲ್ಲ. ನಮ್ಮದಲ್ಲದ ದುಡ್ಡಿಗೆ ಯಾಕೆ ಕೈ ಚಾಚೋದು ಅನ್ನೋ ಸ್ವಾಭಿಮಾನವೂ ಸ್ವಲ್ಪ ಇತ್ತು.

ಇದರಲ್ಲಿ ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳಲೇಬೇಕು. ಅಮೆರಿಕದ ಕಾಲೇಜುಗಳಲ್ಲಿ ಎರಡು ಬಗೆ. ಒಂದು ‘ನೀಡ್-ಬ್ಲೈಂಡ್’. ಇಲ್ಲಿ ಸೀಟು ಕೊಡುವವರು ನೀವು ನೆರವು ಕೇಳಿದ್ದೀರಾ ಇಲ್ಲವಾ ಅಂತ ನೋಡುವುದೇ ಇಲ್ಲ. ಇನ್ನೊಂದು ‘ನೀಡ್-ಅವೇರ್’. ಇಲ್ಲಿ ಕೊನೆಗೆ ಉಳಿದ ಸೀಟುಗಳಿಗೆ ಬಂದಾಗ ಕೊಡುವ ಶಕ್ತಿಯನ್ನೂ ನೋಡಬಹುದು. ಹೌದು ಅಂದರೆ ತೊಂದರೆಯಾದೀತು ಅನ್ನೋ ಭಯಕ್ಕೆ ಕಾರಣ ಇರೋದು ಎರಡನೆಯ ಬಗೆಯಲ್ಲಿ ಮಾತ್ರ. ಐವಿ ಲೀಗಿನ 8 ಕಾಲೇಜುಗಳೂ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ನೀಡ್-ಬ್ಲೈಂಡ್. ನನ್ನ ಮಗನಿಗೆ ಸೀಟು ಸಿಕ್ಕ ಖಾಸಗಿ ಕಾಲೇಜು ಐವಿ ಅಲ್ಲ, ಆದರೆ ಅದೂ ನೀಡ್-ಬ್ಲೈಂಡೇ ಆಗಿತ್ತು. ಅಂದರೆ ನಾವು ‘ಇಲ್ಲ’ ಅಂದಿದ್ದಕ್ಕೆ ಅವನಿಗೆ ಒಂದು ಎಳ್ಳಷ್ಟೂ ಲಾಭವಾಗಲಿಲ್ಲ. ‘ಹೌದು’ ಅಂದಿದ್ದರೂ ಅದೇ ಸೀಟು ಸಿಗುತ್ತಿತ್ತು.

ನಷ್ಟ ಮಾತ್ರ ಪೂರ್ತಿ ನಮ್ಮದಾಯಿತು. ಸೀಟು ಬಂದ ಮೇಲೆ ಬಿಲ್ ನೋಡಿ ಫೋನ್ ಮಾಡಿದೆವು. ಆ ಕಾಲೇಜಿನ ನಿಯಮ ಹೀಗಿತ್ತು: ಸೇರುವಾಗ ನೆರವು ಕೇಳದವರಿಗೆ ಮೊದಲ ಎರಡು ವರ್ಷ ಕಾಲೇಜಿನ ಗ್ರಾಂಟ್ ಇಲ್ಲ. ಇಂಥ ನಿಯಮ ಬೇರೆ ಕೆಲವು ಕಾಲೇಜುಗಳಲ್ಲೂ ಇದೆ, ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಬರೆದಿರುತ್ತಾರೆ. ಫಾಫ್ಸಾ ತಡವಾಗಿಯಾದರೂ ತುಂಬಿದ್ದರಿಂದ ಮಗನ ಹೆಸರಿನಲ್ಲಿ ಸರ್ಕಾರಿ ಸಾಲವೇನೋ ಸಿಕ್ಕಿತು. ಆದರೆ ಮೊದಲ ವರ್ಷದ ವಿದ್ಯಾರ್ಥಿಗೆ ಅದರ ಮಿತಿ 5,500 ಡಾಲರ್. ಹಾಸ್ಟೆಲ್ಲು, ಊಟ ಎಲ್ಲ ಸೇರಿ ಬಿಲ್ 75,000 ಡಾಲರ್ ದಾಟಿತ್ತು. ಹೆತ್ತವರ ಹೆಸರಿನಲ್ಲಿ ಕೊಡುವ ಸರ್ಕಾರಿ ಸಾಲ, ಪೇರೆಂಟ್ ಪ್ಲಸ್, ಮಾಡಿದೆವು. ಸೈಟು ಮಾರಿದೆವು. ಅದು ನಮ್ಮ ಮಾವ ನಿವೃತ್ತಿಯ ದುಡ್ಡಿನಲ್ಲಿ ಕೊಂಡಿದ್ದ ಸೈಟು. ‘ಮೊಮ್ಮಗನ ಓದಿಗೆ ತಾನೇ’ ಅಂದರು, ಇನ್ನೇನೂ ಕೇಳಲಿಲ್ಲ.

ಮಗಳ ಸರದಿ ಬಂದಾಗ, 2024ರಲ್ಲಿ, ನೆರವು ಕಳೆದು ನಮ್ಮ ಮನೆಗೆ ಎಷ್ಟು ಖರ್ಚು ಬೀಳುತ್ತೆ ಅಂತ ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಒಂದಿದೆ ಅನ್ನೋದು ಗೊತ್ತಾಯಿತು. ಫೆಡರಲ್ ನೆರವು ಪಡೆಯುವ ಪ್ರತಿ ಕಾಲೇಜೂ ಅದನ್ನು ವೆಬ್‌ಸೈಟಿನಲ್ಲಿ ಇಡಲೇಬೇಕು, ಕಾನೂನೇ ಇದೆ. ಸುಮ್ಮನೆ ಕುತೂಹಲಕ್ಕೆ ಮಗನ ಕಾಲೇಜಿನದನ್ನೇ ತೆರೆದು, 2021ರ ನಮ್ಮ ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿಟ್ಟುಕೊಂಡು ತುಂಬಿದೆ. ಆದಾಯ, ಉಳಿತಾಯ, ಮನೆ ಸಾಲ, ಮನೆಯಲ್ಲಿ ಎಷ್ಟು ಜನ. ಕೊನೆಯ ಬಟನ್ ಒತ್ತಿದರೆ ಅಂದಾಜು ಗ್ರಾಂಟ್ ಅಂತ ಒಂದು ಸಾಲು ಬಂತು: ವರ್ಷಕ್ಕೆ 40,000 ಡಾಲರ್‌ಗೂ ಜಾಸ್ತಿ. ಅದು ಸಾಲ ಅಲ್ಲ, ವಾಪಸ್ ಕೊಡಬೇಕಿಲ್ಲದ ದುಡ್ಡು. ಆ ಇಡೀ ಫಾರಂನಲ್ಲಿ ನಮ್ಮ ಜನಾಂಗ ಯಾವುದು ಅಂತ ಕೇಳುವ ಒಂದು ಪ್ರಶ್ನೆಯೂ ಇರಲಿಲ್ಲ. ಯಜಮಾನರನ್ನು ಕರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಎಲ್ಲ ಅಂಕಿಗಳನ್ನೂ ಮತ್ತೆ ಮೊದಲಿಂದ ತಾವೇ ಹಾಕಿದರು. ಉತ್ತರ ಅದೇ ಬಂತು.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಐವಿ ಲೀಗಿನಲ್ಲಿ ಜನಾಂಗ ನೋಡಿ ಸ್ಕಾಲರ್‌ಶಿಪ್ ಹಂಚುತ್ತಾರೆ ಅಂತ ನೀವು ನಂಬಿದ್ದೀರಿ. ಆ 8 ಕಾಲೇಜುಗಳು ಮಾರ್ಕ್ಸ್‌ಗೂ ದುಡ್ಡು ಕೊಡಲ್ಲ, ಆಟಕ್ಕೂ ಕೊಡಲ್ಲ. ಕೊಡೋದು ಮನೆಯ ಅಗತ್ಯ ನೋಡಿ ಮಾತ್ರ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ 2,00,000 ಡಾಲರ್ ಒಳಗೆ ಆದಾಯ ಇರುವ ಮನೆಗಳಿಗೆ ಟ್ಯೂಷನ್ ಪೂರ್ತಿ ಬಿಡುತ್ತದೆ, ಆಸ್ತಿಪಾಸ್ತಿ ತೀರಾ ಜಾಸ್ತಿ ಇರಬಾರದು ಅಷ್ಟೇ. 1,00,000 ಡಾಲರ್ ಒಳಗಿದ್ದರೆ ಊಟ ವಸತಿಯೂ ಉಚಿತ. ಒಬ್ಬರ ಸಂಬಳದಲ್ಲಿ ನಡೆಯುವ ಎಷ್ಟೋ ಕನ್ನಡದ ಮನೆಗಳು ಈ ಲೆಕ್ಕದೊಳಗೇ ಬರುತ್ತವೆ.

ಜನಾಂಗಕ್ಕೆ ಮೀಸಲಾದ ಸ್ಕಾಲರ್‌ಶಿಪ್ ಎಲ್ಲೂ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮ ರಾಜ್ಯದಲ್ಲೇ ಇತ್ತು. ಅದರ ಕಥೆ ನನಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಅವರು ನಿವೃತ್ತ ಟೀಚರ್, ಕಪ್ಪು ಜನಾಂಗದವರು. ಬೇಲಿ ಪಕ್ಕ ನಿಂತು ನಾನು ಸೈಟು ಮಾರಿದ ಕಥೆ ಹೇಳಿಕೊಂಡಾಗ, ಅವರು ಸಮಾಧಾನವಾಗಿ ಕೇಳಿಸಿಕೊಂಡು, ‘ಮೇರಿಲ್ಯಾಂಡ್‌ನ ಮೊದಲ ಸ್ಕಾಲರ್‌ಶಿಪ್‌ಗಳು ನಮ್ಮವರಿಗೆ ಯಾಕೆ ಕೊಟ್ಟಿದ್ದು ಗೊತ್ತಾ?’ ಅಂದರು. ಆಮೇಲೆ ನಾನೇ ಹುಡುಕಿ ಓದಿದೆ. ಡೊನಾಲ್ಡ್ ಮರ್ರಿ ಅನ್ನೋ ಆಮ್ಹರ್ಸ್ಟ್ ಪದವೀಧರನಿಗೆ ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್‌ನ ಲಾ ಸ್ಕೂಲ್ ಸೀಟು ಕೊಡಲಿಲ್ಲ, ಕಪ್ಪು ಜನಾಂಗದವನು ಅನ್ನೋ ಒಂದೇ ಕಾರಣಕ್ಕೆ. 1935ರಲ್ಲಿ ಕೇಸು ನಡೆಯಿತು. ಅವನ ಪರ ವಾದಿಸಿದವರು ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಮತ್ತು ಥರ್ಗುಡ್ ಮಾರ್ಷಲ್. ರಾಜ್ಯದ ಕಡೆಯ ವಾದಗಳಲ್ಲಿ ಒಂದು ಏನು ಗೊತ್ತಾ? ಇಂಥವರಿಗೆ ಬೇರೆ ರಾಜ್ಯಕ್ಕೆ ಹೋಗಿ ಓದಲು ಸ್ಕಾಲರ್‌ಶಿಪ್ ಇದೆಯಲ್ಲ, ಇಲ್ಲಿ ಸೀಟು ಯಾಕೆ ಬೇಕು! ಆ ಸ್ಕಾಲರ್‌ಶಿಪ್ ಇದ್ದಿದ್ದೇ ಅವರನ್ನು ಹೊರಗಿಡೋದಕ್ಕೆ. ಮರ್ರಿ ಗೆದ್ದ. ಆದರೂ ಅದೇ ಯೂನಿವರ್ಸಿಟಿಯ ಕಾಲೇಜ್ ಪಾರ್ಕ್ ಕ್ಯಾಂಪಸ್ಸಿಗೆ ಮೊದಲ ಕಪ್ಪು ಪದವಿ ವಿದ್ಯಾರ್ಥಿ ಬಂದಿದ್ದು 1951ರಲ್ಲಿ.

ಅದೇ ಕಾಲೇಜ್ ಪಾರ್ಕ್ ಮುಂದೆ ಬ್ಯಾನೆಕರ್ ಸ್ಕಾಲರ್‌ಶಿಪ್ ಅಂತ ಕಪ್ಪು ವಿದ್ಯಾರ್ಥಿಗಳಿಗಷ್ಟೇ ಒಂದನ್ನು ಇಟ್ಟಿತು, ಹಳೆಯ ಅನ್ಯಾಯವನ್ನು ಸ್ವಲ್ಪವಾದರೂ ತುಂಬಿಕೊಡಲು. ಹಿಸ್ಪಾನಿಕ್ ಮೂಲದ ಒಬ್ಬ ವಿದ್ಯಾರ್ಥಿ ಕೋರ್ಟಿಗೆ ಹೋದ. 1994ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. ಇವತ್ತು ಅದು ಬ್ಯಾನೆಕರ್/ಕೀ ಅನ್ನೋ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. ನಿಮ್ಮ ಮಗಳೂ ಹಾಕಬಹುದು. ಬಾಲ್ಟಿಮೋರ್ ಕೌಂಟಿಯ ಯುಎಂಬಿಸಿ ಅನ್ನೋ ಯೂನಿವರ್ಸಿಟಿಯಲ್ಲಿರುವ ಮೇಯರ್‌ಹಾಫ್ ಸ್ಕಾಲರ್ಸ್ ಅನ್ನೋ ಸ್ಕಾಲರ್‌ಶಿಪ್ ಕೂಡ ಹಾಗೇ. 1988ರಲ್ಲಿ ಕಪ್ಪು ಹುಡುಗರಿಗಾಗಿ ಶುರುವಾಯಿತು, 1990ರ ದಶಕದಲ್ಲಿ ಎಲ್ಲ ಜನಾಂಗದವರಿಗೂ ತೆರೆಯಿತು. ಮಾಡರ್ನಾ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದ ಕಿಜ್‌ಮೇಕಿಯಾ ಕಾರ್ಬೆಟ್ ಓದಿದ್ದು ಅದರ ನೆರವಿನಿಂದ. ನಮ್ಮ ಮನೆಯವರೆಲ್ಲ ಆ ಲಸಿಕೆ ಹಾಕಿಸಿಕೊಂಡಿದ್ದೀವಿ. ಇಂಥ ಸ್ಕಾಲರ್‌ಶಿಪ್ ನನ್ನ ಮಗನ ಪಾಲಿನದನ್ನು ಕಿತ್ತುಕೊಂಡಿತು ಅಂತ ಇನ್ನು ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ.

ಈಗ ಆ ಕಾಲಂ. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ ಕೇಸಿನಲ್ಲಿ, ಸೀಟು ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ತೀರ್ಪು ಕೊಟ್ಟಿತು. ಕಾಮನ್ ಆ್ಯಪ್‌ನಲ್ಲಿ ಆ ಉತ್ತರ ಅರ್ಜಿ ಓದುವವರ ಕಣ್ಣಿಗೆ ಬೀಳದ ಹಾಗೆ ಕಾಲೇಜುಗಳು ಮುಚ್ಚಿಡಬಹುದು. ತುಂಬಿ, ಬಿಡಿ, ನಿಮ್ಮ ಇಷ್ಟ. ನಿಮ್ಮ ಭಯ ಪೂರ್ತಿ ಸುಳ್ಳು ಅಂತಲ್ಲ. ಹಾರ್ವರ್ಡ್‌ನಲ್ಲಿ ವ್ಯಕ್ತಿತ್ವಕ್ಕೆ ಕೊಡುವ ‘ಪರ್ಸನಲ್ ರೇಟಿಂಗ್’ನಲ್ಲಿ ಏಷ್ಯನ್ ಮಕ್ಕಳಿಗೆ ಸರಾಸರಿ ಕಡಿಮೆ ಅಂಕ ಬಿದ್ದಿತ್ತು ಅನ್ನೋದು ಆ ಕೇಸಿನಲ್ಲೇ ಹೊರಬಂತು. ಅದನ್ನು ಓದಿದಾಗ ನನಗೂ ಹೊಟ್ಟೆ ಉರಿಯಿತು. ಆದರೆ ತೀರ್ಪಿನ ನಂತರದ ಮೊದಲ ಬ್ಯಾಚ್ ನೋಡಿ. ಎಂಐಟಿಯಲ್ಲಿ ಏಷ್ಯನ್ನರ ಪಾಲು ಶೇ 40ರಿಂದ 47ಕ್ಕೆ ಏರಿತು, ಕಪ್ಪು ವಿದ್ಯಾರ್ಥಿಗಳದು ಶೇ 13ರಿಂದ 5ಕ್ಕೆ ಇಳಿಯಿತು. ಯೇಲ್‌ನಲ್ಲಿ ಏಷ್ಯನ್ನರ ಪಾಲೇ ಶೇ 30ರಿಂದ 24ಕ್ಕೆ ಇಳಿಯಿತು. ಇದನ್ನು ನಂಬಿ ಒಂದು ಮಗುವಿನ ಅರ್ಜಿಯನ್ನು ಹೇಗೆ ರೂಪಿಸ್ತೀರಿ?

ನಾವು ಸಿಇಟಿ ರ‍್ಯಾಂಕು, 2ಎ, 3ಬಿ, ಜಿಎಂ ಕಟಾಫ್ ನೋಡಿ ಬೆಳೆದವರು. ಇಲ್ಲೂ ಎಲ್ಲೋ ಒಂದು ರ‍್ಯಾಂಕ್ ಪಟ್ಟಿ ಇದೆ, ನಮ್ಮ ಮಕ್ಕಳನ್ನು ದಾಟಿ ಯಾರನ್ನೋ ಮುಂದೆ ಕರೀತಾರೆ ಅಂತ ಅಂದುಕೊಳ್ತೀವಿ. ಇಲ್ಲಿ ಅಂಥ ಪಟ್ಟಿಯೇ ಇಲ್ಲ. ಜನಾಂಗಕ್ಕೆ ಇಷ್ಟು ಸೀಟು ಅಂತ ಎತ್ತಿಡೋದು ಸುಪ್ರೀಂ ಕೋರ್ಟಿನ 1978ರ ಬ್ಯಾಕಿ ತೀರ್ಪಿನಿಂದಲೇ ನಿಂತಿದೆ. ಮುಂದೆ ಕರೆಯೋದು ಬೇರೆಯವರನ್ನು. ಹಾರ್ವರ್ಡ್‌ಗೆ ಸೀಟು ಸಿಕ್ಕ ಬಿಳಿಯರಲ್ಲಿ ಶೇ 43ಕ್ಕಿಂತ ಜಾಸ್ತಿ ಜನ ಕ್ರೀಡಾಪಟುಗಳು, ಅಲ್ಲೇ ಓದಿದವರ ಮಕ್ಕಳು, ಪ್ರೊಫೆಸರ್‌ಗಳ ಮಕ್ಕಳು, ಇಲ್ಲವೇ ದೇಣಿಗೆದಾರರಂಥವರಿಗೆ ಸಂಬಂಧಪಟ್ಟ ಡೀನ್ ಪಟ್ಟಿಯವರು. ಇದು ಅದೇ ಕೇಸಿನ ದಾಖಲೆಗಳನ್ನಿಟ್ಟು ಅರ್ಥಶಾಸ್ತ್ರಜ್ಞರು ಹಾಕಿದ ಲೆಕ್ಕ. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತವರ ಜೊತೆಯವರು ಇನ್ನೊಂದು ತೋರಿಸಿದರು: ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆಯ ಅಂಕ ಒಂದೇ ಇದ್ದರೂ, ದೇಶದ ಮೇಲಿನ ಶೇ 1 ಶ್ರೀಮಂತರ ಮಕ್ಕಳು ಇಂಥ ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಅನ್ಯಾಯದ ಬಗ್ಗೆ ಸಿಟ್ಟು ಬಂದರೆ ಇಲ್ಲಿ ಬರಲಿ. ಮೇರಿಲ್ಯಾಂಡ್ 2024ರಲ್ಲಿ ಈ ‘ಅಪ್ಪ ಓದಿದ ಕಾಲೇಜು’ ಅನ್ನೋ ಆದ್ಯತೆಯನ್ನು ಕಾನೂನು ಮಾಡಿ ನಿಲ್ಲಿಸಿತು. ನಿಮ್ಮ ರಾಜ್ಯದಲ್ಲೂ ಮಾಡಿ ಅಂತ ನಿಮ್ಮ ಶಾಸಕರಿಗೆ ಬರೆಯಿರಿ.

ಇನ್ನೊಂದು ಮಾತು. ದಯವಿಟ್ಟು ನಿಮ್ಮ ಮಗಳು ಅರ್ಜಿಯ ಜೊತೆ ಬರೆಯುವ ಪ್ರಬಂಧದಿಂದ ಅವಳ ಮನೆಯನ್ನು ಅಳಿಸಬೇಡಿ. ‘ಇಂಡಿಯನ್ ಥರ ಕಾಣಬಾರದು’ ಅಂತ ದುಡ್ಡು ತೆಗೆದುಕೊಂಡು ಸಲಹೆ ಕೊಡುವವರಿದ್ದಾರೆ. ನನ್ನ ಮಗ ಭಾನುವಾರ ಚಿಕ್ಕ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತಿದ್ದ. ಅದನ್ನು ಬರೀತೀನಿ ಅಂದಿದ್ದ, ಬಿಡಿಸಿದರು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಬರೆದರೆ, ಅದನ್ನು ಕಾಲೇಜು ಓದಿ ಪರಿಗಣಿಸಬಹುದು ಅಂತ 2023ರ ತೀರ್ಪಿನಲ್ಲೇ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದಿದ್ದಾರೆ. ನನ್ನ ಮಗಳು ಅಜ್ಜಿಯ ಜೊತೆ ವಿಡಿಯೊ ಕಾಲ್‌ನಲ್ಲಿ ಕನ್ನಡ ಕಲಿತ ಬಗ್ಗೆ ಬರೆದಳು. ಅವಳೀಗ ಕಾಲೇಜ್ ಪಾರ್ಕಿನಲ್ಲಿದ್ದಾಳೆ. ರಾಜ್ಯದವರಿಗೆ ಅಲ್ಲಿ ಟ್ಯೂಷನ್ನು, ಫೀಸು ಸೇರಿ ವರ್ಷಕ್ಕೆ ಸುಮಾರು 12,000 ಡಾಲರ್. ಓದು ಚೆನ್ನಾಗಿದೆ. ಐವಿ ಹೆಸರಿಗಾಗಿ ಸೈಟು ಮಾರಬೇಕಾದರೆ ನಾನಂತೂ ಬೇಡ ಅಂತೀನಿ.

ನಿಮಗೆ ಇನ್ನೂ ಸಮಯ ಇದೆ. ಅರ್ಲಿ ಡಿಸಿಷನ್ ಹಾಕುವ ಯೋಚನೆ ಇದ್ದರೆ, ಮೊದಲು ಆ ಕಾಲೇಜಿನ ಕ್ಯಾಲ್ಕುಲೇಟರ್ ತುಂಬಿ. ಅರ್ಲಿ ಡಿಸಿಷನ್‌ನಲ್ಲಿ ಸೀಟು ಕೊಟ್ಟರೆ, ಕೊಟ್ಟ ನೆರವು ಸಾಲದಿದ್ದರೆ ಬಿಟ್ಟು, ಸೇರಲೇಬೇಕು, ಬೇರೆ ಕಡೆಯ ನೆರವಿನ ಜೊತೆ ಹೋಲಿಸಿ ನೋಡಲು ಆಗಲ್ಲ. ಸಿಎಸ್‌ಎಸ್ ಫಾರಂಗೆ ಕಾಲೇಜು ಸೇರುವ ವರ್ಷಕ್ಕಿಂತ ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್ ಬೇಕು, ಈಗಲೇ ಹುಡುಕಿಡಿ. ಊರಿನ ಜಮೀನು, ಸೈಟು ನಿಮ್ಮ ಹೆಸರಿನಲ್ಲಿದ್ದರೆ ಅದನ್ನೂ ಬರೆಯಬೇಕು, ಮುಚ್ಚಿಡಬೇಡಿ. ಯಾವ ಕಾಲೇಜು ನೀಡ್-ಬ್ಲೈಂಡ್, ಮೊದಲ ವರ್ಷ ಕೇಳದಿದ್ದರೆ ಆಮೇಲೆ ಏನು ನಿಯಮ, ಈ ಎರಡನ್ನೂ ಪ್ರತಿ ಕಾಲೇಜಿಗೂ ಇಮೇಲ್ ಮಾಡಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ನೆರವು ಬೇಕಾ ಅನ್ನೋ ಪ್ರಶ್ನೆಗೆ ‘ಹೌದು’ ಅಂತ ಹಾಕಿ.