ಹಿಲ್ಸ್‌ಬರೋದಲ್ಲಿ ಕೆಲಸ, ವ್ಯಾಂಕೂವರ್‌ನಲ್ಲಿ ಮನೆ: ಒರೆಗಾನ್ ಟ್ಯಾಕ್ಸ್ ಉಳಿಯುತ್ತಾ?

ನೀವು ಕೇಳಿರುವುದು ಇಷ್ಟು. ನಿಮಗೆ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಕೆಲಸ, ವಾರಕ್ಕೆ 3 ದಿನ ಆಫೀಸಿಗೆ ಹೋಗಲೇಬೇಕು. ಮನೆಯವರದು, ಅಂದರೆ ನಿಮ್ಮ ಹೆಂಡತಿಯದು, ಸಿಯಾಟಲ್ ಕಂಪನಿ, ಪೂರ್ತಿ ಮನೆಯಿಂದಲೇ ಕೆಲಸ. ಈಗ ಹಿಲ್ಸ್‌ಬರೋ ಪಕ್ಕದ ಬೀವರ್ಟನ್‌ನಲ್ಲಿ ಬಾಡಿಗೆಗಿದ್ದೀರಿ. ಒರೆಗಾನ್ ಇನ್‌ಕಮ್ ಟ್ಯಾಕ್ಸ್ ಕೊಟ್ಟು ಕೊಟ್ಟು ಸಾಕಾಗಿದೆ, ಕೊಲಂಬಿಯಾ ನದಿ ದಾಟಿ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ಗೆ ಹೋದರೆ ಟ್ಯಾಕ್ಸೂ ಉಳಿಯುತ್ತದೆ, ಖರ್ಚೂ ಕಮ್ಮಿ ಅಂತ ಗೆಳೆಯರು ಹೇಳುತ್ತಿದ್ದಾರೆ, ನಿಜವಾ ಅಂತ. ಮನೆ ಬದಲಾಯಿಸಿದರೆ ಎಚ್-1ಬಿ ವರ್ಕ್ ವೀಸಾಕ್ಕೆ ಏನು ಮಾಡಬೇಕು ಅಂತಲೂ ಕೇಳಿದ್ದೀರಿ.

ಅರ್ಧ ನಿಜ. ನಿಮ್ಮ ಮನೆಯವರ ಸಂಬಳದ ಮಟ್ಟಿಗೆ ಪೂರ್ತಿ ನಿಜ. ನಿಮ್ಮ ಸಂಬಳದ ಮಟ್ಟಿಗೆ ಅಷ್ಟಿಲ್ಲ. ನಾವೂ ಬೀವರ್ಟನ್ ಬಿಟ್ಟು ಈ ಕಡೆ ಬಂದವರು, ನಮ್ಮದೂ ಹೆಚ್ಚುಕಮ್ಮಿ ನಿಮ್ಮದೇ ಪರಿಸ್ಥಿತಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒರೆಗಾನ್‌ನಲ್ಲಿ ವಾಸವಿದ್ದರೆ ಎಲ್ಲಿಂದ ಬಂದ ಆದಾಯಕ್ಕೂ ಒರೆಗಾನ್ ಟ್ಯಾಕ್ಸ್ ಬೀಳುತ್ತದೆ. ನದಿ ದಾಟಿ ಬಂದಮೇಲೆ ನೀವು ಅಲ್ಲಿನ ನಾನ್‌ರೆಸಿಡೆಂಟ್. ಆಗ ಒರೆಗಾನ್ ನೆಲದಲ್ಲಿ ದುಡಿದದ್ದಕ್ಕೆ ಮಾತ್ರ ಕೊಡಬೇಕು. ಅಂದರೆ ಹಿಲ್ಸ್‌ಬರೋ ಆಫೀಸಿನಲ್ಲಿ ಕೂತ ದಿನಗಳ ಸಂಬಳಕ್ಕೆ ಮೊದಲಿನಂತೆಯೇ ಟ್ಯಾಕ್ಸ್. ವಾಷಿಂಗ್ಟನ್‌ನಲ್ಲಿ ನಮ್ಮಂಥವರ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅನ್ನುವುದು ಸರಿ, ಆದರೆ ಆ ದಿನಗಳಿಗೆ ಅದರಿಂದ ನಯಾಪೈಸೆ ಉಪಯೋಗವಿಲ್ಲ. ವಾರದಲ್ಲಿ ಐದೂ ದಿನ ಆಫೀಸಿಗೆ ಹೋಗುವವರು, ಒಬ್ಬರದೇ ಸಂಬಳ ಇರುವವರು ಟ್ಯಾಕ್ಸಿಗಾಗಿ ಇಲ್ಲಿಗೆ ಬರುವುದು ಸುಮ್ನೆ ದಂಡ. ಹಾಗೆ ಬಂದು, ಏಪ್ರಿಲ್‌ನಲ್ಲಿ ರಿಟರ್ನ್ ತುಂಬುವಾಗ ಪೆಚ್ಚಾದವರು ನನಗೆ ಗೊತ್ತಿದ್ದಾರೆ.

ನಿಮ್ಮ ಮನೆಯವರ ಲೆಕ್ಕ ಬೇರೆ. ಅವರು ವ್ಯಾಂಕೂವರ್ ಮನೆಯಲ್ಲಿ ಕೂತು ಸಿಯಾಟಲ್ ಕಂಪನಿಗೆ ಕೆಲಸ ಮಾಡಿದರೆ ಒರೆಗಾನ್‌ಗೆ ಅದರಲ್ಲಿ ಏನೂ ಪಾಲಿಲ್ಲ. ಒರೆಗಾನ್ ದರ ನಿಮಗೆ ಗೊತ್ತೇ ಇದೆ: ಜಂಟಿ ರಿಟರ್ನ್‌ನಲ್ಲಿ ಟ್ಯಾಕ್ಸ್ ಬೀಳುವ ಆದಾಯ 20 ಸಾವಿರ ಡಾಲರ್ ಚಿಲ್ಲರೆ ದಾಟಿದ ಕೂಡಲೇ 8.75%, 2.5 ಲಕ್ಷ ದಾಟಿದ ಮೇಲೆ 9.9%. ಅವರ ಸಂಬಳ 1 ಲಕ್ಷ ಡಾಲರ್ ಅಂತ ಇಟ್ಟುಕೊಳ್ಳಿ, ನಿಮ್ಮ ಸಂಬಳದ ಮೇಲೆ ಅದು ಸೇರುವುದರಿಂದ ಹತ್ತಿರ ಹತ್ತಿರ ಎಲ್ಲವೂ 8.75ರ ದರಕ್ಕೇ ಬೀಳುತ್ತದೆ. ವರ್ಷಕ್ಕೆ 8 ಸಾವಿರ ಡಾಲರ್ ಆಸುಪಾಸು ಕೈಯಲ್ಲಿ ಉಳಿಯುತ್ತದೆ. ಇದರ ಜೊತೆ ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ಪೋರ್ಟ್‌ಲ್ಯಾಂಡ್ ಸುತ್ತಲಿನ ಊರುಗಳ ಪ್ರಾದೇಶಿಕ ಆಡಳಿತ ಮೆಟ್ರೋ, ಅದರ ಹೌಸಿಂಗ್ ಟ್ಯಾಕ್ಸ್ ಅಂತ 2021ರಿಂದ ಶುರುವಾಗಿದೆ. ಟ್ಯಾಕ್ಸ್ ಬೀಳುವ ಜಂಟಿ ಆದಾಯ 2 ಲಕ್ಷ ದಾಟಿದರೆ ಮೇಲಿನ ಮೊತ್ತಕ್ಕೆ 1%. ಬೀವರ್ಟನ್ ಹಿಲ್ಸ್‌ಬರೋ ಎರಡೂ ಅದರ ಗಡಿಯೊಳಗೆ ಬರುತ್ತವೆ. ಹೊರಗಿನಿಂದ ಬಂದು ಅಲ್ಲಿ ದುಡಿಯುವವರಿಗೂ ಇದು ಇದೆ, ಆದರೆ ಲೆಕ್ಕಕ್ಕೆ ಬರುವುದು ಆ ಗಡಿಯೊಳಗೆ ದುಡಿದದ್ದು ಮಾತ್ರ. ಮನೆಯವರ ಸಂಬಳ ಹೊರಗೆ ಹೋದರೆ ನೀವಿಬ್ಬರೂ 2 ಲಕ್ಷದ ಕೆಳಗೆ ಇಳಿದು ಅದೂ ತಪ್ಪಬಹುದು.

ಇನ್ನು ನೀವು ಮನೆಯಿಂದ ಕೆಲಸ ಮಾಡುವ ಆ 2 ದಿನ. ಅದನ್ನೂ ಬಿಡಬೇಡಿ. ವರ್ಷದಲ್ಲಿ ನೀವು ಕೆಲಸ ಮಾಡಿದ ಒಟ್ಟು ದಿನಗಳಲ್ಲಿ ಒರೆಗಾನ್‌ನಲ್ಲಿ ಎಷ್ಟು ದಿನ ಕೆಲಸ ಮಾಡಿದಿರೋ ಅಷ್ಟು ಪಾಲಿಗೆ ಟ್ಯಾಕ್ಸ್. ವಾರಾಂತ್ಯ, ರಜೆಗಳು ಆ ಎಣಿಕೆಗೆ ಬರುವುದಿಲ್ಲ. ಆದರೆ ಕಂಪನಿ ಡಬ್ಲ್ಯೂ-2ನಲ್ಲಿ (ವರ್ಷದ ಸಂಬಳದ ಲೆಕ್ಕ ತೋರಿಸುವ ಫಾರ್ಮ್) ಸಾಮಾನ್ಯವಾಗಿ ಪೂರ್ತಿ ಸಂಬಳವನ್ನೂ ಒರೆಗಾನ್ ಕಾಲಮ್ಮಿನಲ್ಲಿ ತೋರಿಸಿಬಿಡುತ್ತದೆ. ನೀವು ನಾನ್‌ರೆಸಿಡೆಂಟ್‌ಗಳ ರಿಟರ್ನ್ ಆದ ಒಆರ್-40-ಎನ್ ಫಾರ್ಮ್‌ನಲ್ಲಿ ಕಮ್ಮಿ ತೋರಿಸಿದರೆ ಆಧಾರ ಕೊಡಿ ಅಂತ ಪತ್ರ ಬರಬಹುದು. ಅದಕ್ಕೆ ಯಾವ ದಿನ ಎಲ್ಲಿದ್ದೆ ಅಂತ ಕ್ಯಾಲೆಂಡರ್‌ನಲ್ಲಿ ಬರೆದಿಡಿ, ಕಂಪನಿಯಿಂದ ಒಂದು ಪತ್ರ ಸಿಗುತ್ತಾ ಮೊದಲೇ ಕೇಳಿ. ಬ್ಯಾಡ್ಜ್ ಸ್ವೈಪ್ ಮಾಡಿದ ದಿನ ಮನೆಯಲ್ಲಿದ್ದೆ ಅಂತ ಬರೆಯುವ ಬುದ್ಧಿವಂತಿಕೆ ಬೇಡ.

ಬಹಳ ಜನ ಮರೆಯುವ ಲಾಭ ಒಂದಿದೆ. ಊರಿನ ಬ್ಯಾಂಕಿನಲ್ಲಿ ಅನಿವಾಸಿಗಳು ಇಡುವ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಇಂಡಿಯಾದಲ್ಲಿ ಟ್ಯಾಕ್ಸ್ ಇಲ್ಲ ಅಂತ ನಾವೆಲ್ಲ ಖುಷಿಯಾಗಿರುತ್ತೇವೆ, ಆದರೆ ಇಲ್ಲಿನ ಫೆಡರಲ್ (ಕೇಂದ್ರ ಸರ್ಕಾರದ) ರಿಟರ್ನ್‌ನಲ್ಲಿ ಅದನ್ನು ತೋರಿಸಲೇಬೇಕು, ಒರೆಗಾನ್‌ನಲ್ಲಿದ್ದರೆ ಒರೆಗಾನ್‌ಗೂ ತೋರಿಸಬೇಕು. ಬೆಂಗಳೂರಿನ ಫ್ಲ್ಯಾಟ್ ಬಾಡಿಗೆ ಕೂಡ ಹಾಗೇ. ಈ ಕಡೆ ಬಂದರೆ ಒರೆಗಾನ್ ಪಾಲು ಬಿಟ್ಟುಹೋಗುತ್ತದೆ, ಫೆಡರಲ್ ಮಾತ್ರ ಉಳಿಯುತ್ತದೆ. ಷೇರು ಮಾರಿದ ಲಾಭವೂ ಅಷ್ಟೇ. ವಾಷಿಂಗ್ಟನ್‌ನಲ್ಲಿ 2022ರಿಂದ ಕ್ಯಾಪಿಟಲ್ ಗೇನ್ಸ್‌ಗೆ 7% ಟ್ಯಾಕ್ಸ್ ಬಂದಿದೆ ನಿಜ, ಆದರೆ ಅದು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ಗೂ ಮೇಲೆ ಲಾಭ ಮಾಡಿದವರ ತಲೆನೋವು. ಆದರೆ ಕಂಪನಿ ಕೊಡುವ ಷೇರು, ಅಂದರೆ ಆರ್‌ಎಸ್‌ಯು, ವೆಸ್ಟ್ ಆಗಿ ನಿಮ್ಮ ಕೈಸೇರಿದಾಗ ಬರುವುದು ಸಂಬಳದ ಲೆಕ್ಕ. ಹಿಲ್ಸ್‌ಬರೋದಲ್ಲಿ ದುಡಿದ ಕಾಲಕ್ಕೆ ಸಿಕ್ಕಿದ್ದನ್ನು ವೆಸ್ಟ್ ಆಗುವ ಹಿಂದಿನ ವಾರ ಮನೆ ಬದಲಾಯಿಸಿ ತಪ್ಪಿಸಲಾಗುವುದಿಲ್ಲ.

ಖರ್ಚಿನ ವಿಷಯಕ್ಕೆ ಬರೋಣ. ಬಾಡಿಗೆ ತುಂಬಾ ಕಮ್ಮಿ ಅನ್ನುವುದು ಹಳೇ ಮಾತು. ಒಳ್ಳೇ ಶಾಲೆಗಳಿವೆ ಅಂತ ನಮ್ಮವರೆಲ್ಲ ಮುಗಿಬೀಳುವ, ವ್ಯಾಂಕೂವರ್ ಪಕ್ಕದ ಕ್ಯಾಮಸ್ ಕಡೆ ನೋಡಿದರೆ ಬೀವರ್ಟನ್ನೇ ವಾಸಿ ಅನ್ನಿಸಬಹುದು. ಒರೆಗಾನ್‌ನಲ್ಲಿ ಇಲ್ಲದ ಸೇಲ್ಸ್ ಟ್ಯಾಕ್ಸ್ ಇಲ್ಲಿ ಹತ್ತಿರ ಹತ್ತಿರ 9% ಇದೆ. ಅಕ್ಕಿ, ಬೇಳೆ, ತರಕಾರಿ, ಹಾಲಿಗೆ ಇಲ್ಲ. ಹೋಟೆಲ್ ಊಟ, ಬಟ್ಟೆ, ಸೋಫಾ, ಫೋನ್ ಎಲ್ಲಕ್ಕೂ ಇದೆ. ಪೋರ್ಟ್‌ಲ್ಯಾಂಡ್‌ಗೆ ಹೋಗಿ ತಂದರಾಯಿತು ಅಂತೀರಿ, ಎಲ್ಲರೂ ಮಾಡುವುದು ಅದನ್ನೇ. ಕಾನೂನಿನ ಪ್ರಕಾರ ಅದಕ್ಕೂ ಯೂಸ್ ಟ್ಯಾಕ್ಸ್ ಅಂತ ಕಟ್ಟಬೇಕು. ಸೋಫಾಕ್ಕೆ ಯಾರು ಕಟ್ಟುತ್ತಾರೋ ಗೊತ್ತಿಲ್ಲ, ಆದರೆ ಕಾರಿಗೆ ತಪ್ಪುವುದಿಲ್ಲ, ರಿಜಿಸ್ಟ್ರೇಷನ್ ಮಾಡಿಸುವಾಗಲೇ ವಸೂಲಿ. 40 ಸಾವಿರದ ಕಾರಿಗೆ ಮೂರೂವರೆ ಸಾವಿರದಷ್ಟು ಹೋಗುತ್ತದೆ. ಇಲ್ಲಿಗೆ ಬರುವ ಮೊದಲು 90 ದಿನಕ್ಕಿಂತ ಜಾಸ್ತಿ ಕಾಲ ನೀವೇ ಇಟ್ಟುಕೊಂಡು ಓಡಿಸಿದ ಕಾರಾಗಿದ್ದರೆ ಆ ಟ್ಯಾಕ್ಸ್ ಇಲ್ಲ. ಹಾಗಾಗಿ ಹೊಸ ಕಾರಿನ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ, ಮನೆ ಆಮೇಲೆ. ಪೆಟ್ರೋಲೂ ಈ ಕಡೆ ದುಬಾರಿ. ಆಫೀಸಿಂದ ಬರುವಾಗ ಆ ಕಡೆಯೇ ತುಂಬಿಸಿಕೊಂಡು ಬಂದರಾಯಿತು.

ಟ್ಯಾಕ್ಸಿಗಿಂತ ನಿಮ್ಮನ್ನು ಜಾಸ್ತಿ ಕಾಡುವುದು ಸೇತುವೆ. ನದಿ ದಾಟಲು ಈ ಊರಿಗೆ ಇರುವುದು ಎರಡೇ, ಐ-5 ಮತ್ತು ಐ-205 ಹೆದ್ದಾರಿಗಳ ಸೇತುವೆಗಳು. ಐ-5 ಸೇತುವೆಯಲ್ಲಿ ನೀವು ಸಂಜೆ ಮನೆಗೆ ಬರುವ ಭಾಗ ಕಟ್ಟಿದ್ದು 1917ರಲ್ಲಿ. ಹಡಗು ಬಂದರೆ ಸೇತುವೆಯನ್ನೇ ಮೇಲೆತ್ತುತ್ತಾರೆ, ಅಷ್ಟು ಹೊತ್ತು ಹೆದ್ದಾರಿಯೇ ನಿಂತುಬಿಡುತ್ತದೆ. ಪುಣ್ಯಕ್ಕೆ ಪೀಕ್ ಅವರ್‌ನಲ್ಲಿ ಎತ್ತುವುದಿಲ್ಲ, ಆದರೆ ಎತ್ತದೇ ಇದ್ದರೂ ಸಿಲ್ಕ್ ಬೋರ್ಡ್ ಜಂಕ್ಷನ್ ಥರವೇ ಇರುತ್ತದೆ. ಹಿಲ್ಸ್‌ಬರೋಗೆ ಅಂದರೆ ಇದಾದ ಮೇಲೆ ಹೈವೇ 26ರ ಸುರಂಗ ಬೇರೆ. ಹೊಸ ಸೇತುವೆ ಕಟ್ಟುವ ಯೋಜನೆ ಇದೆ, ಅದರ ಜೊತೆ ಟೋಲ್ ಹಾಕುವ ಯೋಜನೆಯೂ ಇದೆ. ವಾರಕ್ಕೆ 3 ದಿನ ಇದು ನಿಮ್ಮಿಂದ ಆಗುತ್ತಾ? ಲೀಸ್‌ಗೆ ಸಹಿ ಹಾಕುವ ಮೊದಲು ಒಂದು ವಾರ ಹಿಲ್ಸ್‌ಬರೋದಿಂದ ಸಂಜೆ ನಾಲ್ಕೂವರೆಗೆ ಹೊರಟು ಈ ಕಡೆ ಬಂದು ನೋಡಿ. ಮಕ್ಕಳ ಶಾಲೆಯಿಂದ ಜ್ವರ ಅಂತ ಫೋನ್ ಬಂದರೆ ಓಡುವವರು ಮನೆಯಲ್ಲಿರುವ ನಿಮ್ಮಾಕೆಯೇ ಅನ್ನುವುದನ್ನೂ ಇಬ್ಬರೂ ಕೂತು ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಜಗಳ ಆಗಿದ್ದು ಟ್ಯಾಕ್ಸಿಗಲ್ಲ, ಇದಕ್ಕೆ.

ಇನ್ನೊಂದು ಅಪಾಯ, ಇಡೀ ಉಳಿತಾಯ ನಿಂತಿರುವುದು ಮನೆಯವರ ರಿಮೋಟ್ ಕೆಲಸದ ಮೇಲೆ. ಕಂಪನಿ ನಾಳೆ ಆಫೀಸಿಗೆ ಬನ್ನಿ ಅಂದರೆ ಸಿಯಾಟಲ್ 160 ಮೈಲಿ ಮೇಲೆ ಇದೆ. ಅವರು ಕೆಲಸ ಬದಲಾಯಿಸಿ ಬೀವರ್ಟನ್ ಕಡೆಯೇ ಸೇರಿದರೆ ಇಬ್ಬರೂ ಸೇತುವೆ ದಾಟುತ್ತೀರಿ, ಇಬ್ಬರೂ ಒರೆಗಾನ್‌ಗೆ ಕಟ್ಟುತ್ತೀರಿ. ಅದಕ್ಕೇ ಮೊದಲ ವರ್ಷ ಬಾಡಿಗೆಗೇ ಇರಿ. ಮನೆ ಕೊಳ್ಳುವ ಆತುರ ಬೇಡ.

ಎಚ್-1ಬಿ ಬಗ್ಗೆ ಕೇಳಿದ್ದಿರಿ. ಮನೆ ಬದಲಾದ 10 ದಿನದೊಳಗೆ ವಿಳಾಸ ಬದಲಾವಣೆಯ ಫಾರ್ಮ್ ಎಆರ್-11 ತುಂಬಬೇಕು, ಮನೆಮಂದಿಯೆಲ್ಲರದೂ. ಪೋರ್ಟ್‌ಲ್ಯಾಂಡ್, ವ್ಯಾಂಕೂವರ್, ಹಿಲ್ಸ್‌ಬರೋ ಮೂರೂ ಒಂದೇ ಮೆಟ್ರೋಪಾಲಿಟನ್ ಪ್ರದೇಶದೊಳಗೆ ಬರುವುದರಿಂದ, ನೀವು ವಾರದಲ್ಲಿ 2 ದಿನ ವ್ಯಾಂಕೂವರ್ ಮನೆಯಿಂದ ಕೆಲಸ ಮಾಡಿದರೂ ಸಾಮಾನ್ಯವಾಗಿ ವೀಸಾ ಅರ್ಜಿಗೆ ಅಮೆಂಡ್‌ಮೆಂಟ್ (ತಿದ್ದುಪಡಿ) ಬೇಕಾಗುವುದಿಲ್ಲ, ಎಲ್‌ಸಿಎ (ಕೆಲಸದ ಜಾಗ, ಸಂಬಳದ ಬಗ್ಗೆ ಕಂಪನಿ ಸಲ್ಲಿಸುವ ಅರ್ಜಿ) ನೋಟಿಸನ್ನು ಹೊಸ ಜಾಗದಲ್ಲಿ ಅಂಟಿಸಿದರೆ ಸಾಕು. ಆದರೂ ಬರುವ ಮೊದಲೇ ಕಂಪನಿಯ ವಕೀಲರಿಗೆ ಒಂದು ಮೇಲ್ ಹಾಕಿ. ಮನೆಯವರ ಎಚ್‌ಆರ್‌ಗೆ ಹೊಸ ವಿಳಾಸ ಕೊಟ್ಟು ಸಂಬಳದಲ್ಲಿ ಒರೆಗಾನ್ ಟ್ಯಾಕ್ಸ್ ಹಿಡಿಯುವುದನ್ನು ನಿಲ್ಲಿಸಿ ಅನ್ನಿ. ವಾಷಿಂಗ್ಟನ್‌ನಲ್ಲಿ ಡಬ್ಲ್ಯೂಎ ಕೇರ್ಸ್ (ದೀರ್ಘಕಾಲದ ಆರೈಕೆಯ ವಿಮೆ) ಅಂತ ಸಂಬಳದಲ್ಲಿ 0.58% ಹಿಡಿಯುತ್ತಾರೆ. ತಾತ್ಕಾಲಿಕ ವರ್ಕ್ ವೀಸಾದಲ್ಲಿರುವವರಿಗೆ ಅದರಿಂದ ವಿನಾಯಿತಿ ಇದೆ, ಹಿಡಿಯುತ್ತಿದ್ದಾರಾ ಅಂತ ಎಚ್‌ಆರ್ ಹತ್ತಿರ ಕೇಳಿ ನೋಡಿ.

ಕೊನೆಯಲ್ಲಿ, ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಬರೆದಿದ್ದಾರಲ್ಲ, ಬೀವರ್ಟನ್‌ನಲ್ಲೇ ಇದ್ದುಕೊಂಡು ವ್ಯಾಂಕೂವರ್‌ನಲ್ಲಿರುವ ಸ್ನೇಹಿತರ ವಿಳಾಸ ಕೊಡಿ ಅಂತ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಒರೆಗಾನ್‌ನಲ್ಲಿ ಕಾಯಂ ಮನೆ ಇಟ್ಟುಕೊಂಡು ವರ್ಷಕ್ಕೆ 200 ದಿನಕ್ಕಿಂತ ಜಾಸ್ತಿ ಅಲ್ಲಿದ್ದರೆ ನಿಮ್ಮನ್ನು ರೆಸಿಡೆಂಟ್ ಅಂತಲೇ ಹಿಡಿಯಬಹುದು. ಮಕ್ಕಳ ಶಾಲೆ, ಕರೆಂಟ್ ಬಿಲ್, ಲೈಸೆನ್ಸ್ ಎಲ್ಲವನ್ನೂ ನೋಡುತ್ತಾರೆ. ಮುಂದೆ ಗ್ರೀನ್ ಕಾರ್ಡ್ ಕೇಳಬೇಕಾದವರು ಟ್ಯಾಕ್ಸ್ ರಿಟರ್ನ್‌ನಲ್ಲಿ ಸುಳ್ಳು ವಿಳಾಸ ಬರೆಯುವುದಾ? ಬರುವುದಾದರೆ ನಿಜವಾಗಿ ಬನ್ನಿ. ವರ್ಷದ ಮಧ್ಯದಲ್ಲಿ ಬಂದರೆ ಆ ವರ್ಷಕ್ಕೆ ಒಆರ್-40-ಪಿ ಫಾರ್ಮ್, ಆಮೇಲಿನ ವರ್ಷದಿಂದ ಒಆರ್-40-ಎನ್. ಆ ಮೊದಲ ವರ್ಷದ ರಿಟರ್ನ್ ಮಾತ್ರ ಎರಡೂ ರಾಜ್ಯದ ಲೆಕ್ಕ ಗೊತ್ತಿರುವ ಇಲ್ಲಿನ ಸಿಪಿಎ (ಲೆಕ್ಕಪರಿಶೋಧಕರು) ಹತ್ತಿರ ಮಾಡಿಸಿ, ಆಮೇಲಿನದನ್ನು ಅದನ್ನೇ ನೋಡಿಕೊಂಡು ನೀವೇ ತುಂಬಬಹುದು.