ಮಂಗಳೂರಿನಲ್ಲಿ ಸಿಂಬಿಡಿಯಂ: ಎಲೆ ಇದೆ, ಹೂವಿಲ್ಲ

ಊಟಿಯಿಂದ ತಂದ ಸಿಂಬಿಡಿಯಂ ಆರ್ಕಿಡ್ ಗಿಡ ಎರಡು ವರ್ಷದಿಂದ ಬರೀ ಎಲೆ ಬಿಡುತ್ತಿದೆ ಅಂದಿರಲ್ಲ, ಕಾರಣ ಹೆಚ್ಚಾಗಿ ರಾತ್ರಿಯ ಸೆಕೆ. ದೊಡ್ಡ ಹೂವಿನ ತಳಿಗಳಿಗೆ ಹೂದಂಟು ಹೊರಡಲು ಕೆಲವು ವಾರ ರಾತ್ರಿ 10ರಿಂದ 15 ಡಿಗ್ರಿ ತಂಪು ಬೇಕು. ಮಂಗಳೂರಿನಲ್ಲಿ ಡಿಸೆಂಬರ್‌ನಲ್ಲೂ 20ರ ಆಸುಪಾಸು ಇರುತ್ತದೆ, ಅಲ್ವಾ? ಸುಮ್ನೆ ಗೊಬ್ಬರ ಜಾಸ್ತಿ ಮಾಡಬೇಡಿ.

ಮೊದಲು ಗಿಡ ಎತ್ತಿ ಬೇರು ನೋಡಿ. ಬೆರಳಲ್ಲಿ ಎಳೆದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಕೊಳೆತ ಬೇರು, ಕತ್ತರಿಸಿ. ಆಮೇಲೆ ತೂತು ಇರುವ ಮಣ್ಣಿನ ಕುಂಡಕ್ಕೆ ತೊಗಟೆ ಚೂರು, ಇದ್ದಿಲು ಹಾಕಿ ನೆಡಿ. ಒದ್ದೆ ಮಣ್ಣಿನ ಕುಂಡ ಹೂಜಿಯ ಹಾಗೆ ಬೇರನ್ನು ತಂಪಾಗಿಡುತ್ತದೆ. ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಎಲೆ ಗಿಳಿಹಸಿರು ಇರಬೇಕು, ಕಡುಹಸಿರಾದರೆ ಬೆಳಕು ಸಾಲದು.

ಮಳೆ ನಿಂತ ಮೇಲೆ ರಾತ್ರಿ ಬಯಲಲ್ಲಿಡಿ. ಸಂಜೆ ಕುಂಡ, ನೆಲ ಒದ್ದೆ ಮಾಡಿ. ಸುಳಿಯಲ್ಲಿ ಮಾತ್ರ ನೀರು ನಿಲ್ಲಬಾರದು, ಕೊಳೆಯುತ್ತದೆ.

ಇಷ್ಟಾದರೂ ಹೂ ಬಂದೇ ಬರುತ್ತದೆ ಅಂತ ಮಾತು ಕೊಡಲಾರೆ. ನನ್ನದು ಬರಲಿಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಮಡಿಕೇರಿಯ ಅಕ್ಕನ ಮನೆಗೆ ಕಳಿಸಿದೆ, ಫೆಬ್ರವರಿಯಲ್ಲಿ ಹೂದಂಟಿನ ಸಮೇತ ವಾಪಸ್ ಬಂತು! ಘಟ್ಟದ ಮೇಲೆ ನೆಂಟರಿದ್ದರೆ ಅದೇ ಸುಲಭ.

ಇಲ್ಲದಿದ್ದರೆ ಸಿಂಬಿಡಿಯಂ ಅಲೊಯ್ಫೋಲಿಯಂ ಬೆಳೆಸಿ. ನಮ್ಮ ಕಡೆಯ ಮರಗಳ ಮೇಲೆ ತಾನಾಗಿಯೇ ಬೆಳೆಯುವ ಸೀತಾಳೆ ಅದು. ಸೆಕೆಗೆ ಹೆದರುವುದಿಲ್ಲ, ಬೇಸಿಗೆಯಲ್ಲೇ ಗೊಂಚಲು ಇಳಿಬಿಡುತ್ತದೆ. ಕಾಡಿನಿಂದ ಕೀಳಬೇಡಿ, ನರ್ಸರಿಯಲ್ಲಿ ಕೇಳಿ.